ನೋವು ಇರುವುದೆಲ್ಲಿ?

ಒಲೆಯ ಮೇಲೆ ಕಾದಿರುವ ಬಾಣಲೆಯ ಹಿಡಿಗೆ ಅರಿಯದೆ ಬೆರಳು ತಗುಲಿದರೆ ಏನಾಗುತ್ತದೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬಾಯಿಂದ "ಹಾ" ಎಂಬ ಉದ್ಗಾರ ಹೊರಡುವ ಮುನ್ನವೇ ಕೈ ಹಿಂದಕ್ಕೆ ಸರಿದಿರುತ್ತದೆ. ಆಮೇಲೆ ಚುರುಕ್ಕೆನ್ನುವ ಅನುಭವ. ಅದರ ಬೆನ್ನಿಗೇ ಬಹಳ ಹೊತ್ತು ಬಿಡದೆ ಕಾಡುವ ಉರಿ. ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ನಡೆದುಹೋಗುವ ಈ ಸಣ್ಣ ಘಟನೆಯಲ್ಲಿ ಚರ್ಮ, ನರ, ಬೆನ್ನುಹುರಿ, ಮಿದುಳು ಎಲ್ಲವೂ ತಮ್ಮ ತಮ್ಮ ಪಾತ್ರವನ್ನು ವಹಿಸಿರುತ್ತವೆ. ಆದರೆ "ನೋವು ಎಲ್ಲಿದೆ?" ಎಂದು ಕೇಳಿದರೆ ಸುಟ್ಟುಕೊಂಡವರು ಬೆರಳನ್ನೇ ತೋರಿಸುತ್ತಾರೆ. ಅದು ಸಹಜವಾದ ಉತ್ತರ. ಅದು ಪೂರ್ಣವಾದ ಉತ್ತರವಲ್ಲವೆಂಬುದನ್ನು ಮನಗಾಣಲು ವಿಜ್ಞಾನಕ್ಕೆ ಸುಮಾರು ಮುನ್ನೂರು ವರ್ಷಗಳು ಹಿಡಿದವು.

ಇದು ಕೇವಲ ಪಂಡಿತರ ಜಿಜ್ಞಾಸೆಯೆಂದು ತಳ್ಳಿಹಾಕುವಂತಿಲ್ಲ. ನೋವು ಎಲ್ಲಿ ಹುಟ್ಟುತ್ತದೆ, ಅದನ್ನು ಯಾರು ಅಳೆಯಬಲ್ಲರು ಎಂಬ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ, ಯಾರ ನರಳಾಟವನ್ನು ನಂಬಬೇಕು, ಯಾರದನ್ನು "ಸುಮ್ಮನೆ ಹೇಳುತ್ತಾರೆ" ಎಂದು ಕಡೆಗಣಿಸಬೇಕು ಎಂಬ ಮನೆಮನೆಯ ತೀರ್ಮಾನವೂ ನಿಂತಿದೆ.

ಗಂಟೆಯ ಹಗ್ಗ

ಹದಿನೇಳನೆಯ ಶತಮಾನದ ಫ್ರೆಂಚ್ ದಾರ್ಶನಿಕ ರೆನೆ ಡೆಕಾರ್ಟ್ ಮನುಷ್ಯದೇಹವನ್ನು ಒಂದು ಯಂತ್ರದಂತೆ ಕಲ್ಪಿಸಿಕೊಂಡಿದ್ದನು. ಅವನ ಮರಣಾನಂತರ, ೧೬೬೪ರಲ್ಲಿ, ಫ್ರೆಂಚ್ ಭಾಷೆಯಲ್ಲಿ ಅಚ್ಚಾದ ಗ್ರಂಥವೊಂದರಲ್ಲಿ ಬೆಂಕಿಯ ಬಳಿ ಕಾಲಿಟ್ಟಿರುವ ವ್ಯಕ್ತಿಯ ಚಿತ್ರವಿದೆ. ಬೆಂಕಿಯು ಪಾದದ ಚರ್ಮವನ್ನು ಕದಲಿಸುತ್ತದೆ; ಅಲ್ಲಿಂದ ಹೊರಟ ಒಂದು ಎಳೆ ಜಗ್ಗುತ್ತದೆ; ಹಗ್ಗದ ಒಂದು ತುದಿಯನ್ನು ಎಳೆದರೆ ಇನ್ನೊಂದು ತುದಿಯಲ್ಲಿ ಗಂಟೆ ಬಾರಿಸುವಂತೆ ಮಿದುಳಿನಲ್ಲಿ ನೋವು ಉಂಟಾಗುತ್ತದೆ. ಇದು ಡೆಕಾರ್ಟನ ವಾದ.

ಈ ಚಿತ್ರ ಎಷ್ಟು ಸರಳವೋ ಅಷ್ಟೇ ಬಲವಾಗಿ ಜನರ ಮನಸ್ಸಿನಲ್ಲಿ ಬೇರೂರಿತು. ಜೋರಾಗಿ ಎಳೆದರೆ ಗಂಟೆ ಜೋರಾಗಿ ಬಾರಿಸಬೇಕು. ಮೆಲ್ಲಗೆ ಎಳೆದರೆ ಮೆಲ್ಲಗೆ. ಅಂದರೆ ದೊಡ್ಡ ಗಾಯಕ್ಕೆ ದೊಡ್ಡ ನೋವು, ಚಿಕ್ಕ ಗಾಯಕ್ಕೆ ಚಿಕ್ಕ ನೋವು, ಗಾಯವೇ ಇಲ್ಲದಿದ್ದರೆ ನೋವೇ ಇಲ್ಲ. ಇಂದಿಗೂ ಬಹುಮಂದಿ ನಂಬಿಕೊಂಡಿರುವ ಲೆಕ್ಕ ಇದೇ. ಈ ಲೆಕ್ಕದಲ್ಲಿ ಅರ್ಧ ಸತ್ಯವಿದೆ. ಮೊದಲು ಆ ಅರ್ಧವನ್ನು ನೋಡಬಹುದು.

ಕಾವಲಿನ ತುದಿಗಳು

ಚರ್ಮ, ಸ್ನಾಯು, ಕೀಲು, ಹಲ್ಲಿನ ಒಳತಿರುಳು ಮುಂತಾದ ಕಡೆಗಳಲ್ಲಿ ಅತಿ ಸೂಕ್ಷ್ಮವಾದ ನರದ ತುದಿಗಳು ಹರಡಿಕೊಂಡಿವೆ. ಇವುಗಳಲ್ಲಿ ಕೆಲವು ಮೃದುವಾದ ಸ್ಪರ್ಶಕ್ಕೆ ಸ್ಪಂದಿಸುತ್ತವೆ. ಇನ್ನು ಕೆಲವು ಸಾಧಾರಣ ಸ್ಪರ್ಶಕ್ಕೆ ಮೌನವಾಗಿದ್ದು, ದೇಹಕ್ಕೆ ಹಾನಿ ತಟ್ಟುವಷ್ಟು ಒತ್ತಡ, ಕಾವು, ಚಳಿ ಅಥವಾ ದಾಹಕ ವಸ್ತು ಸೋಕಿದಾಗ ಮಾತ್ರ ಎಚ್ಚರಗೊಳ್ಳುತ್ತವೆ. ಇಂಥ ಹಾನಿಸೂಚಕ ನರಗಳಿಗೆ ವೈದ್ಯಶಾಸ್ತ್ರದಲ್ಲಿ ಬಳಕೆಯಲ್ಲಿರುವ ಹೆಸರು ಇಂಗ್ಲೆಂಡಿನ ಶರೀರವಿಜ್ಞಾನಿ ಚಾರ್ಲ್ಸ್ ಷೆರಿಂಗ್ಟನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ್ದು.

ಈ ಕಾವಲು ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ. ಕಣ್ಣಿನ ಮೇಲಿನ ಪಾರದರ್ಶಕ ಪೊರೆಯಲ್ಲಿ ಇದು ಅತ್ಯಂತ ದಟ್ಟ. ಒಂದು ಧೂಳಿನ ಕಣ ಬಿದ್ದರೂ ಮನುಷ್ಯ ಚಡಪಡಿಸುವುದು ಅದಕ್ಕಾಗಿಯೇ. ನೋವನ್ನು ಅರಿಯುವ ಮಿದುಳಿನ ಒಡಲಲ್ಲಿ ಮಾತ್ರ ಇಂಥ ತುದಿಗಳೇ ಇಲ್ಲ! ರೋಗಿಯು ಎಚ್ಚರವಾಗಿ ಮಾತನಾಡುತ್ತಿರುವಾಗಲೇ ಶಸ್ತ್ರವೈದ್ಯರು ಮಿದುಳಿನ ಶಸ್ತ್ರಕ್ರಿಯೆ ನಡೆಸುವುದುಂಟು. ತಲೆನೋವು ಹುಟ್ಟುವುದು ಮಿದುಳನ್ನು ಸುತ್ತಿರುವ ಪೊರೆಗಳು, ರಕ್ತನಾಳಗಳು, ತಲೆ-ಕುತ್ತಿಗೆಗಳ ಸ್ನಾಯುಗಳು ಮೊದಲಾದವುಗಳಿಂದ, ಮಿದುಳಿನ ತಿರುಳಿನಿಂದಲ್ಲ.

ನರದ ತುದಿಯು ಕಾವನ್ನು ಹೇಗೆ ಅರಿಯುತ್ತದೆ ಎಂಬ ರಹಸ್ಯವನ್ನು ಬಿಡಿಸಿಕೊಟ್ಟದ್ದು ಅಡುಗೆಮನೆಯ ಮೆಣಸಿನಕಾಯಿ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ವಸ್ತುವಿನ ಹೆಸರು ಕ್ಯಾಪ್ಸೈಸಿನ್. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಕೆಂಪುಬಣ್ಣಕ್ಕೆ ಹೆಸರಾಗಿಯೂ ಖಾರದಲ್ಲಿ ಸೌಮ್ಯವಾಗಿರುವುದಕ್ಕೆ ಈ ವಸ್ತು ಅದರಲ್ಲಿ ಕಡಮೆಯಿರುವುದೇ ಕಾರಣ. ೧೯೯೭ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು, ಕ್ಯಾಪ್ಸೈಸಿನ್ ಸೋಕಿದಾಗ ತೆರೆದುಕೊಳ್ಳುವ ಒಂದು ಸೂಕ್ಷ್ಮ ದ್ವಾರವನ್ನು ನರಕೋಶದಲ್ಲಿ ಗುರುತಿಸಿದರು. ವಿಚಿತ್ರವೆಂದರೆ, ಕಾವು ಸುಮಾರು ೪೩ ಡಿಗ್ರಿ ಸೆಲ್ಸಿಯಸ್ ದಾಟಿದಾಗಲೂ ಅದೇ ದ್ವಾರ ತೆರೆದುಕೊಳ್ಳುತ್ತದೆ. ಮೆಣಸಿನಕಾಯಿ ಕಡಿದವನು "ಬಾಯಿ ಸುಡುತ್ತದೆ" ಎನ್ನುವುದು ಅಲಂಕಾರದ ಮಾತಲ್ಲ. ಅವನ ನರಗಳು ಮಿದುಳಿಗೆ ಕಳುಹಿಸುವ ಸುದ್ದಿಯೇ ಅದು. ಪ್ರಾಚೀನರು ಷಡ್ರಸಗಳಲ್ಲಿ ಒಂದೆಂದು ಎಣಿಸಿದ ಖಾರವು ವಿಜ್ಞಾನದ ದೃಷ್ಟಿಯಲ್ಲಿ ರುಚಿಗಿಂತ ಹೆಚ್ಚಾಗಿ ನೋವಿನ ಜಾತಿಗೆ ಸೇರಿದ್ದು. ಹಕ್ಕಿಗಳ ದೇಹದಲ್ಲಿ ಈ ದ್ವಾರವು ಕ್ಯಾಪ್ಸೈಸಿನ್ನಿಗೆ ಓಗೊಡುವುದಿಲ್ಲ. ಆದುದರಿಂದಲೇ ಗಿಳಿ ಮೆಣಸಿನಕಾಯಿಯನ್ನು ಹಣ್ಣು ತಿಂದಷ್ಟೇ ಆನಂದವಾಗಿ ತಿನ್ನುತ್ತದೆ. ಈ ಶೋಧಕ್ಕಾಗಿ ಜೂಲಿಯಸ್ ಅವರಿಗೆ, ಸ್ಪರ್ಶವನ್ನರಿಯುವ ದ್ವಾರಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರೊಡನೆ, ೨೦೨೧ರ ನೊಬೆಲ್ ಪಾರಿತೋಷಕ ದೊರೆಯಿತು.

ಎರಡು ಅಂಚೆಗಳು

ತುದಿಯಲ್ಲಿ ಎದ್ದ ಸುದ್ದಿ ವಿದ್ಯುತ್ ಸಂಕೇತವಾಗಿ ಬೆನ್ನುಹುರಿಯತ್ತ ಸಾಗುತ್ತದೆ. ಅದನ್ನು ಒಯ್ಯಲು ಎರಡು ಬಗೆಯ ತಂತುಗಳಿವೆ. ಒಂದು ಬಗೆಯದಕ್ಕೆ ಕೊಬ್ಬಿನಂಥ ವಸ್ತುವಿನ ತೆಳು ಹೊದಿಕೆಯಿದೆ. ಅದರಲ್ಲಿ ಸಂಕೇತ ಸೆಕೆಂಡಿಗೆ ೫ರಿಂದ ೩೦ ಮೀಟರುಗಳ ವೇಗದಲ್ಲಿ ಓಡುತ್ತದೆ. ಇನ್ನೊಂದು ಬಗೆಯದು ಹೊದಿಕೆಯಿಲ್ಲದ ಅತಿ ತೆಳುವಾದ ತಂತು. ಅದರಲ್ಲಿ ಸಂಕೇತದ ವೇಗ ಸೆಕೆಂಡಿಗೆ ಹೆಚ್ಚೆಂದರೆ ೨ ಮೀಟರು, ಅಂದರೆ ಮನುಷ್ಯ ಬಿರಬಿರನೆ ನಡೆಯುವಷ್ಟು.

ಕತ್ತಲಲ್ಲಿ ಕಾಲ್ಬೆರಳು ಹೊಸ್ತಿಲಿಗೆ ಎಡವಿದಾಗ ಈ ಎರಡು ಅಂಚೆಗಳ ಅಂತರ ಸ್ಪಷ್ಟವಾಗಿ ತಿಳಿಯುತ್ತದೆ. ಮೊದಲು ಬರುವುದು ಥಟ್ಟನೆ ಚುಚ್ಚಿದಂಥ ಚುರುಕು ನೋವು. "ಇನ್ನೂ ಬರುವುದಿದೆ" ಎಂದು ಹಲ್ಲು ಕಚ್ಚಿ ಕಾಯುವ ಒಂದು ಗಳಿಗೆ. ಆಮೇಲೆ ಮಂದವಾಗಿ, ಆಳವಾಗಿ, ಸುತ್ತಲೂ ಹಬ್ಬಿಕೊಳ್ಳುವ ನೋವು. ಮೊದಲನೆಯದು "ಎಲ್ಲಿ, ಏನು" ಎಂಬುದನ್ನು ತಿಳಿಸುತ್ತದೆ. ಎರಡನೆಯದು "ಸುಮ್ಮನೆ ಕುಳಿತುಕೋ, ಅದನ್ನು ಜೋಪಾನ ಮಾಡು" ಎಂದು ಆಜ್ಞಾಪಿಸುತ್ತದೆ.

ಬಾಣಲೆಯಿಂದ ಕೈ ಹಿಂದೆಗೆಯುವ ಅಪ್ಪಣೆಯನ್ನು ಕೊಡುವುದು ಬೆನ್ನುಹುರಿ. ಮಿದುಳಿನ ತೀರ್ಮಾನಕ್ಕೆ ಕಾದರೆ ಚರ್ಮ ಬೇಯುತ್ತದೆಂದು, ಊರ ಹೊರಗಿನ ಠಾಣೆಯ ಅಧಿಕಾರಿ ರಾಜಧಾನಿಯನ್ನು ಕೇಳದೆ ಕ್ರಮ ಕೈಗೊಳ್ಳುವಂತೆ, ಅದು ತಾನೇ ಸ್ನಾಯುಗಳಿಗೆ ಆದೇಶ ಕಳುಹಿಸಿಬಿಡುತ್ತದೆ. ನೋವಿನ ಅರಿವು ಬರುವುದು ಆಮೇಲೆ.

ಇನ್ನು ಗಾಯವಾದ ಜಾಗದಲ್ಲಿ ಬೇರೊಂದು ಏರ್ಪಾಡು ನಡೆಯುತ್ತದೆ. ಘಾಸಿಗೊಂಡ ಜೀವಕೋಶಗಳು ಪ್ರಾಸ್ಟಗ್ಲಾಂಡಿನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಇವು ನರದ ತುದಿಗಳನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತವೆ. ಬಿಸಿಲಿಗೆ ಬೆಂದ ಬೆನ್ನಿನ ಮೇಲೆ ಉಗುರುಬೆಚ್ಚಗಿನ ನೀರೂ ಕುದಿನೀರಿನಂತೆ ತೋರುವುದು ಇದರಿಂದಲೇ. ೧೮೯೭ರಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಆಸ್ಪಿರಿನ್ ಗುಳಿಗೆಯನ್ನು ಲೋಕವೆಲ್ಲ ಮುಕ್ಕಾಲು ಶತಮಾನ ನುಂಗುತ್ತಿದ್ದರೂ ಅದು ಹೇಗೆ ಕೆಲಸಮಾಡುತ್ತದೆಂಬುದು ತಿಳಿದಿರಲಿಲ್ಲ. ಅದು ಪ್ರಾಸ್ಟಗ್ಲಾಂಡಿನ್ನಿನ ಉತ್ಪಾದನೆಯನ್ನೇ ತಡೆಯುತ್ತದೆಂದು ೧೯೭೧ರಲ್ಲಿ ತೋರಿಸಿಕೊಟ್ಟ ಇಂಗ್ಲೆಂಡಿನ ಜಾನ್ ವೇನ್ ೧೯೮೨ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಇಷ್ಟರವರೆಗೆ ಡೆಕಾರ್ಟನ ಹಗ್ಗ ಗಟ್ಟಿಯಾಗಿಯೇ ಇದೆ. ಆದರೆ ಹಗ್ಗ ಎಳೆದರೂ ಗಂಟೆ ಬಾರಿಸದ, ಎಳೆಯುವವರಿಲ್ಲದೆಯೂ ಗಂಟೆ ಬಾರಿಸುವ ಸಂದರ್ಭಗಳಿಗೆ ಏನು ಹೇಳಬೇಕು?

ಗಾಯವಿದ್ದೂ ನೋಯದವರು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕನ್ ವೈದ್ಯರು ಇಟಲಿಯ ರಣಾಂಗಣದಲ್ಲಿ ಗಾಯಾಳು ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದರು. ಗುಂಡು, ಸಿಡಿಗುಂಡುಗಳಿಂದ ಮೈ ಛಿದ್ರವಾಗಿದ್ದರೂ ಅನೇಕರು "ನೋವಿಗೆ ಔಷಧ ಬೇಡ" ಎನ್ನುತ್ತಿದ್ದುದನ್ನು ಕಂಡು ಅವರಿಗೆ ಆಶ್ಚರ್ಯವಾಯಿತು. ಆ ಸೈನಿಕರು ಮೈಮರೆತವರೇನೂ ಆಗಿರಲಿಲ್ಲ. ಸೂಜಿಯನ್ನು ಒರಟಾಗಿ ಚುಚ್ಚಿದರೆ ಎಲ್ಲರಂತೆ ಅವರೂ ಗೊಣಗುತ್ತಿದ್ದರು. ಯುದ್ಧ ಮುಗಿದ ಮೇಲೆ ಬೀಚರ್ ಊರಿನ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಗೊಳಗಾದ ನಾಗರಿಕರೊಡನೆ ಹೋಲಿಕೆ ನಡೆಸಿದರು. ೧೯೫೬ರಲ್ಲಿ ಅವರು ಪ್ರಕಟಿಸಿದಂತೆ, ನಾಗರಿಕರಲ್ಲಿ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ನೋವಿನ ಔಷಧ ಬೇಡಿದ್ದರು. ಸೈನಿಕರಲ್ಲಿ ಮೂವರಲ್ಲಿ ಒಬ್ಬನಷ್ಟು ಮಾತ್ರ. ಬೀಚರ್ ಊಹಿಸಿದ ಕಾರಣ ಮನಮುಟ್ಟುವಂಥದು. ಸೈನಿಕನಿಗೆ ಆ ಗಾಯವೆಂದರೆ ಸಾವಿನ ಬಾಯಿಂದ ಬಿಡುಗಡೆ, ಮನೆಗೆ ಮರಳುವ ರಹದಾರಿ. ನಾಗರಿಕನಿಗೆ ಶಸ್ತ್ರಕ್ರಿಯೆಯೆಂದರೆ ಬಾಳಿಗೆ ಬಂದೊದಗಿದ ವಿಪತ್ತು. ಗಾಯಕ್ಕೆ ಮಿದುಳು ಕಟ್ಟಿದ ಅರ್ಥವೇ ಬೇರೆ. ಆದುದರಿಂದ ನೋವೂ ಬೇರೆ.

ಇದು ಹೇಗೆ ಸಾಧ್ಯವೆಂಬುದಕ್ಕೆ ೧೯೬೫ರಲ್ಲಿ ಕೆನಡದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ ಒಂದು ಸಿದ್ಧಾಂತವನ್ನು ಮುಂದಿಟ್ಟರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿನಂಥ ಏರ್ಪಾಡಿದೆ. ಹಾನಿಯ ಸುದ್ದಿ ಅದನ್ನು ದಾಟಿಯೇ ಮಿದುಳಿಗೆ ಹೋಗಬೇಕು. ಸ್ಪರ್ಶದ ಸುದ್ದಿ ತರುವ ದಪ್ಪ ತಂತುಗಳು ಚುರುಕಾದರೆ ಆ ಬಾಗಿಲು ಭಾಗಶಃ ಮುಚ್ಚುತ್ತದೆ. ಮಿದುಳು ಕೂಡ ಮೇಲಿನಿಂದ ಅಪ್ಪಣೆ ಕಳುಹಿಸಿ ಬಾಗಿಲನ್ನು ಮುಚ್ಚಬಲ್ಲದು ಅಥವಾ ತೆರೆಯಬಲ್ಲದು. ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿಯಾದರೂ ಅದರ ಮೂಲತತ್ತ್ವ ಉಳಿದುಕೊಂಡಿತು. ಬಿದ್ದು ಮಂಡಿ ತರಚಿಕೊಂಡ ಮಗುವನ್ನು ಎತ್ತಿಕೊಂಡು, ನೋಯುವ ಜಾಗದ ಸುತ್ತ ನೇವರಿಸಿ, "ಏನೂ ಆಗಿಲ್ಲ ಕಂದಾ" ಎನ್ನುವ ತಾಯಿ ಈ ಬಾಗಿಲನ್ನು ಎರಡೂ ಕಡೆಯಿಂದ ಮುಚ್ಚುತ್ತಾಳೆ: ಸ್ಪರ್ಶದಿಂದ ಕೆಳಗಿನಿಂದ, ಸಾಂತ್ವನದಿಂದ ಮೇಲಿನಿಂದ.

ಮೇಲಿನಿಂದ ಬರುವ ಅಪ್ಪಣೆಗೆ ದ್ರವ್ಯರೂಪವೂ ಇದೆ. ೧೯೭೫ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕೋಸ್ಟರ್ಲಿಟ್ಸ್, ಅಫೀಮಿನಿಂದ ದೊರೆಯುವ ಮಾರ್ಫೀನಿನಂತೆ ನೋವನ್ನು ಶಮನಗೊಳಿಸುವ ವಸ್ತುಗಳನ್ನು ಮಿದುಳು ತಾನೇ ತಯಾರಿಸಿಕೊಳ್ಳುತ್ತದೆಂದು ಕಂಡುಹಿಡಿದರು. ಮೂರು ವರ್ಷಗಳ ಅನಂತರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ಒಂದು ಪರೀಕ್ಷೆ ನಡೆಯಿತು. ಔಷಧವೆಂಬ ನಂಬಿಕೆಯಿಂದ ನಿರುಪಯೋಗಿ ದ್ರವವನ್ನು ಪಡೆದ ಕೆಲವರಿಗೆ ನೋವು ಇಳಿಯಿತು. ಮಾರ್ಫೀನಿನ ಪ್ರಭಾವವನ್ನು ತಡೆಯುವ ಮದ್ದನ್ನು ಕೊಟ್ಟಾಗ ಅದು ಮರಳಿ ಏರಿತು. ನಂಬಿಕೆಯಿಂದ ದೊರೆತ ಶಮನವು ಭ್ರಮೆಯಾಗಿರದೆ ರಾಸಾಯನಿಕ ಕ್ರಿಯೆಯೇ ಆಗಿದ್ದಿತು.

ಅಂಗವಿಲ್ಲದೆ ನೋಯುವ ಅಂಗ

ಇದಕ್ಕಿಂತಲೂ ವಿಸ್ಮಯಕರವಾದದ್ದು ಇಲ್ಲದ ಅಂಗದ ನೋವು. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಚಿಕಿತ್ಸೆ ನೀಡಿದ ಸೈಲಾಸ್ ವೀರ್ ಮಿಚೆಲ್ ಎಂಬ ವೈದ್ಯರು ೧೮೭೧ರಲ್ಲಿ ಇದಕ್ಕೆ "ಭೂತಾಂಗ" ಎಂಬರ್ಥದ ಹೆಸರಿಟ್ಟರು. ಕತ್ತರಿಸಿಹೋದ ಕೈಯ ಮುಷ್ಟಿ ಬಿಗಿದಿದೆ, ಉಗುರುಗಳು ಅಂಗೈಯನ್ನು ಚುಚ್ಚುತ್ತಿವೆ ಎಂದು ರೋಗಿಗಳು ನರಳುತ್ತಿದ್ದರು. ಕೈಯಿಲ್ಲ, ಉಗುರಿಲ್ಲ, ನೋವು ಮಾತ್ರ ಇದೆ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ೧೯೯೦ರ ದಶಕದಲ್ಲಿ ಇಂಥವರ ಮುಂದೆ ಒಂದು ಸಾಧಾರಣ ಕನ್ನಡಿಯನ್ನು ನಿಲ್ಲಿಸಿದರು. ಇರುವ ಕೈಯ ಪ್ರತಿಬಿಂಬ ಇಲ್ಲದ ಕೈಯ ಸ್ಥಾನದಲ್ಲಿ ಕಾಣಿಸುವಂತೆ ಮಾಡಿ, ಮುಷ್ಟಿಯನ್ನು ಬಿಡಿಸಲು ಹೇಳಿದರು. ಕಣ್ಣು ಕಂಡದ್ದನ್ನು ಮಿದುಳು ನಂಬಿತು; ಕೆಲವರಿಗೆ ಎಷ್ಟೋ ದಿನಗಳಿಂದ ಬಿಗಿದಿದ್ದ "ಮುಷ್ಟಿ" ಸಡಿಲವಾಯಿತು.

ದೇಹದೊಳಗಿನ ಸುದ್ದಿಗೆ ಮಿದುಳು ತಪ್ಪು ವಿಳಾಸ ಬರೆಯುವುದೂ ಉಂಟು. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ" ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಹೃದಯದಿಂದ ಬರುವ ನರಗಳೂ ಎಡತೋಳಿನಿಂದ ಬರುವ ನರಗಳೂ ಬೆನ್ನುಹುರಿಯ ಒಂದೇ ನೆರೆಯಲ್ಲಿ ಪ್ರವೇಶಿಸುತ್ತವೆ. ಹೃದಯದ ಸುದ್ದಿ ಅಪರೂಪ, ತೋಳಿನದು ನಿತ್ಯದ್ದು. ಆದುದರಿಂದ ಹೃದಯಕ್ಕೆ ರಕ್ತ ಸಾಲದಾದಾಗ ಮಿದುಳು "ತೋಳು ನೋಯುತ್ತಿದೆ" ಎಂದು ತಿಳಿಯುತ್ತದೆ. ಮನೆಯವರು ತೋಳಿಗೆ ಎಣ್ಣೆ ತಿಕ್ಕುತ್ತ ಕುಳಿತರೆ ಅಮೂಲ್ಯವಾದ ಹೊತ್ತು ಕಳೆದುಹೋಗುತ್ತದೆ. ಎದೆ ಹಿಂಡಿದಂತಾಗಿ ನೋವು ಎಡತೋಳು, ದವಡೆ, ಬೆನ್ನುಗಳಿಗೆ ಹಬ್ಬಿದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಹೆಂಗಸರಲ್ಲಿಯೂ ಮಧುಮೇಹವುಳ್ಳವರಲ್ಲಿಯೂ ಎದೆನೋವು ಅಷ್ಟಾಗಿ ಕಾಣಿಸಿಕೊಳ್ಳದೆ ಉಸಿರುಕಟ್ಟು, ಓಕರಿಕೆ, ವಿಪರೀತ ಆಯಾಸ ಮಾತ್ರ ಕಾಣಿಸಬಹುದೆಂಬುದನ್ನೂ ನೆನಪಿನಲ್ಲಿಡಬೇಕು.

ನೋವೇ ಇಲ್ಲದವರ ಪಾಡು

ನೋವೇ ಇಲ್ಲದಿದ್ದರೆ ಬಾಳು ಎಷ್ಟು ಸುಖವಾಗಿರುತ್ತಿತ್ತು ಎಂದು ಹಾರೈಸದವರು ವಿರಳ. ಆ ಹಾರೈಕೆ ಫಲಿಸಿದವರ ಕಥೆ ಬೇರೆಯೇ ಆಗಿದೆ.

ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗಳ ಮಗನಾಗಿ ಬಾಲ್ಯ ಕಳೆದ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಕೈಕಾಲಿನ ಬೆರಳುಗಳು ರೋಗದಿಂದಲೇ ಕೊಳೆತು ಉದುರುತ್ತವೆಂಬುದು ಆಗಿನ ಸಾಮಾನ್ಯ ನಂಬಿಕೆ. ಬ್ರಾಂಡ್ ರೋಗಿಗಳ ದಿನಚರಿಯನ್ನು ಸೂಕ್ಷ್ಮವಾಗಿ ಗಮನಿಸಿದರು. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಎತ್ತುವುದು, ಮೊಳೆ ಹೊಕ್ಕಿದ ಪಾದದಲ್ಲಿ ದಿನವೆಲ್ಲ ನಡೆಯುವುದು ಅವರಿಗೆ ಸಾಮಾನ್ಯವಾಗಿತ್ತು. ರಾತ್ರಿ ಮಲಗಿದ್ದಾಗ ಇಲಿಗಳು ಬೆರಳನ್ನು ಕಡಿದರೂ ಎಚ್ಚರವಾಗದವರಿದ್ದರು. ಅಂಥವರ ಕಾವಲಿಗೆ ಬೆಕ್ಕುಗಳನ್ನು ಸಾಕಿಸಬೇಕಾಯಿತು. ರೋಗಾಣುಗಳು ಹಾಳುಮಾಡಿದ್ದು ನರಗಳನ್ನು. ಬೆರಳುಗಳನ್ನು ಹಾಳುಮಾಡಿದ್ದು ನೋವಿಲ್ಲದ ಕಾರಣ ಗಮನಕ್ಕೆ ಬಾರದ ಸಣ್ಣಸಣ್ಣ ಗಾಯಗಳು.

೧೯೬೬ರಲ್ಲಿ ಅಮೆರಿಕಕ್ಕೆ ತೆರಳಿದ ಮೇಲೆ ಬ್ರಾಂಡ್ ಮತ್ತು ಅವರ ಸಂಗಡಿಗರು ಇಂಥ ರೋಗಿಗಳಿಗಾಗಿ ಕೃತಕ ನೋವನ್ನು ನಿರ್ಮಿಸಲು ಹೊರಟರು. ಒತ್ತಡ ಹೆಚ್ಚಾದೊಡನೆ ಎಚ್ಚರಿಸುವ ಉಪಕರಣಗಳನ್ನು ಮಾಡಿದರು. ಸದ್ದಿನ ಎಚ್ಚರಿಕೆಯನ್ನು ರೋಗಿಗಳು ಅಲಕ್ಷಿಸಿದರು. ವಿದ್ಯುತ್ತಿನ ಚುರುಕು ತಗುಲುವಂತೆ ಮಾಡಿದಾಗ, ಅಪಾಯದ ಕೆಲಸಕ್ಕೆ ಕೈಹಾಕುವ ಮೊದಲು ಉಪಕರಣವನ್ನೇ ಕಳಚಿಡುತ್ತಿದ್ದರು! ಕೊನೆಗೆ ಪ್ರಯತ್ನವನ್ನು ಕೈಬಿಡಬೇಕಾಯಿತು. ಕಾವಲುಗಾರನನ್ನು ಇಷ್ಟಬಂದಾಗ ಮನೆಗೆ ಕಳುಹಿಸುವಂತಿದ್ದರೆ ಕಾವಲು ನಡೆಯುವುದಿಲ್ಲ. ನೋವಿನ ಸಾಮರ್ಥ್ಯವೆಲ್ಲ ಅಡಗಿರುವುದು ಅದನ್ನು ಅಲಕ್ಷಿಸಲಾಗದು ಎಂಬುದರಲ್ಲಿಯೇ.

ಹುಟ್ಟಿನಿಂದಲೇ ನೋವನ್ನರಿಯದವರೂ ಅಪರೂಪವಾಗಿ ಇದ್ದಾರೆ. ೨೦೦೬ರಲ್ಲಿ ಕೇಂಬ್ರಿಜ್ಜಿನ ವಿಜ್ಞಾನಿಗಳು ಪ್ರಕಟಿಸಿದ ಸಂಶೋಧನೆಗೆ ಪ್ರೇರಣೆಯಾದವನು ಉತ್ತರ ಪಾಕಿಸ್ತಾನದ ಒಬ್ಬ ಬಾಲಕ. ಬೀದಿಯಲ್ಲಿ ಕೆಂಡದ ಮೇಲೆ ನಡೆದು, ತೋಳಿಗೆ ಚೂರಿ ಚುಚ್ಚಿಕೊಂಡು ಆಟ ತೋರಿಸುತ್ತಿದ್ದ ಆ ಹುಡುಗ, ಹದಿನಾಲ್ಕು ತುಂಬುವ ಮೊದಲೇ, ಮನೆಯ ಮಾಡಿನಿಂದ ಧುಮುಕಿ ಪ್ರಾಣ ಕಳೆದುಕೊಂಡನು. ಇಂಥ ಕುಟುಂಬಗಳ ಮಕ್ಕಳಲ್ಲಿ, ಹಾನಿಸೂಚಕ ನರಗಳಲ್ಲಿ ಸಂಕೇತ ಹುಟ್ಟಲು ಅಗತ್ಯವಾದ ಸೋಡಿಯಂ ದ್ವಾರವೊಂದು ಕೆಲಸಮಾಡದಿರುವುದು ತಿಳಿದುಬಂದಿತು. ಆ ದ್ವಾರದ ಸೋದರಸಂಬಂಧಿಯೊಂದನ್ನು ತಡೆದು ನೋವಿಳಿಸುವ ಸುಜೆಟ್ರಿಜೀನ್ ಎಂಬ ಹೊಸ ಔಷಧಕ್ಕೆ ೨೦೨೫ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಕುಷ್ಠರೋಗಕ್ಕೆ ಈಗ ಪರಿಣಾಮಕಾರಿಯಾದ ಔಷಧವಿದೆ. ಆದರೆ ಅದೇ ಬಗೆಯ ಅಪಾಯವನ್ನು ಪಟ್ಟಣದ ಸಂಸಾರಗಳಿಗೆ ತಂದೊಡ್ಡಿರುವುದು ಮಧುಮೇಹ. ಭಾರತದಲ್ಲಿ ಈ ರೋಗವುಳ್ಳವರು ೧೦ ಕೋಟಿಗೂ ಹೆಚ್ಚೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ತಿಳಿಸಿತು. ರಕ್ತದಲ್ಲಿ ಸಕ್ಕರೆಯ ಅಂಶ ಬಹುಕಾಲ ಹೆಚ್ಚಾಗಿದ್ದರೆ ಪಾದದ ನರಗಳು ಮೆಲ್ಲಮೆಲ್ಲನೆ ಮಂಕಾಗುತ್ತವೆ. ಚಪ್ಪಲಿಯೊಳಗಿನ ಕಲ್ಲು ತಿಳಿಯುವುದಿಲ್ಲ, ಹುಣ್ಣಾದದ್ದು ನೋಯುವುದಿಲ್ಲ, ನೋಯದ್ದನ್ನು ಯಾರೂ ನೋಡುವುದಿಲ್ಲ. ಮನೆಯ ಹಿರಿಯರಿಗೆ ಈ ರೋಗವಿದ್ದರೆ ಪ್ರತಿ ರಾತ್ರಿ ಅವರ ಅಂಗಾಲನ್ನು ಬೆಳಕಿನಲ್ಲಿ ನೋಡುವ ಅಭ್ಯಾಸವಿರಲಿ. ಸ್ನಾನದ ನೀರಿನ ಬಿಸಿಯನ್ನು ಅವರ ಕಾಲಿನಿಂದ ಪರೀಕ್ಷಿಸದೆ ಇನ್ನೊಬ್ಬರು ಕೈಯಿಂದ ನೋಡಲಿ. ಅವರು ಬರಿಗಾಲಿನಲ್ಲಿ ನಡೆಯದಿರಲಿ. ಹೋದ ಕಾವಲುಗಾರನ ಕೆಲಸವನ್ನು ಮನೆಯವರ ಕಣ್ಣು ಮಾಡಬೇಕು.

ಸಾಕ್ಷಿ ಯಾರು?

ಗಾಯವಿದ್ದೂ ನೋವಿಲ್ಲದಿರಬಹುದು, ಅಂಗವೇ ಇಲ್ಲದೆಯೂ ನೋವಿರಬಹುದು. ಹಾಗಾದರೆ ನೋವು ಇರುವುದೆಲ್ಲಿ? ದೇಹ ಕಳುಹಿಸುವುದು ಹಾನಿಯ ಸುದ್ದಿ. ಆ ಸುದ್ದಿಯನ್ನು ಹಿಂದಿನ ಅನುಭವ, ಭಯ, ಭರವಸೆ, ಗಮನಗಳೊಡನೆ ತೂಗಿ "ಇದು ನೋವು" ಎಂದು ತೀರ್ಪು ಕೊಡುವುದು ಮಿದುಳು. ಆ ತೀರ್ಪನ್ನು ಅನುಭವಿಸುವವನು ನೊಂದವನೊಬ್ಬನೇ. ಜ್ವರವನ್ನು ಅಳೆಯಲು ಥರ್ಮಾಮೀಟರಿದೆ, ಮೂಳೆಯನ್ನು ನೋಡಲು ಎಕ್ಸ್-ರೇ ಇದೆ. ಇನ್ನೊಬ್ಬರ ನೋವನ್ನು ಹೊರಗಿನಿಂದ ಹಾಗೆ ಅಳೆದು ಹೇಳುವ ಉಪಕರಣ ವೈದ್ಯರ ಕೈಗೆ ಬಂದಿಲ್ಲ.

ಈ ಮಾತನ್ನು ಮರೆತದ್ದರಿಂದ ಆದ ಅನ್ಯಾಯ ಸಣ್ಣದಲ್ಲ. ಹಸುಗೂಸುಗಳ ನರಮಂಡಲ ಪಕ್ವವಾಗಿರುವುದಿಲ್ಲ, ಅವಕ್ಕೆ ನೋವು ತಿಳಿಯದು ಎಂಬ ನಂಬಿಕೆಯಿಂದ, ಅರಿವಳಿಕೆಯ ಅಪಾಯಕ್ಕೂ ಹೆದರಿ, ೧೯೮೦ರ ದಶಕದವರೆಗೆ ಪಾಶ್ಚಾತ್ಯ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿಯೂ ನವಜಾತ ಶಿಶುಗಳಿಗೆ ಸಾಕಷ್ಟು ನೋವುಶಾಮಕವಿಲ್ಲದೆ ಶಸ್ತ್ರಕ್ರಿಯೆ ನಡೆಸುತ್ತಿದ್ದರು. ಭಾರತೀಯ ಮೂಲದ ವೈದ್ಯ ಕೆ. ಜೆ. ಎಸ್. ಆನಂದ್ ಮತ್ತು ಸಂಗಡಿಗರು ೧೯೮೭ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ನಂಬಿಕೆಯನ್ನು ಬುಡಮೇಲು ಮಾಡಿದವು. ನೋವುಶಾಮಕ ಪಡೆದ ಶಿಶುಗಳು ಶಸ್ತ್ರಕ್ರಿಯೆಯ ಆಘಾತವನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡಿದ್ದವು. ಮಾತು ಬಾರದವರಿಗೆ ನೋವಿಲ್ಲವೆಂದು ತಿಳಿದದ್ದು ಮಾತು ಬಲ್ಲವರ ಪ್ರಮಾದ.

ಮಾತು ಬಲ್ಲವರ ಪಾಡೂ ಒಮ್ಮೊಮ್ಮೆ ಹೀಗೆಯೇ. ಗಾಯ ಮಾಗಿದ ಮೇಲೂ, ಮೂರು ತಿಂಗಳಿಗೂ ಮಿಕ್ಕಿ, ಕೆಲವರಲ್ಲಿ ನೋವು ಉಳಿದುಬಿಡುತ್ತದೆ. ಪದೇಪದೇ ಸುದ್ದಿ ಹೊತ್ತ ಬೆನ್ನುಹುರಿಯೂ ಮಿದುಳೂ ತಾವೇ ಅತಿಸೂಕ್ಷ್ಮವಾಗಿ, ಬೆಂಕಿ ಆರಿದ ಮೇಲೂ ಗಂಟೆ ಬಾರಿಸುತ್ತಲೇ ಇರುತ್ತವೆ. ಎಕ್ಸ್-ರೇಯಲ್ಲಿ ಏನೂ ಕಾಣದು. "ಎಲ್ಲ ಸರಿಯಾಗಿದೆ" ಎಂಬ ವರದಿ ಕೈಯಲ್ಲಿ ಹಿಡಿದ ಗೃಹಿಣಿಗೆ ಮನೆಯಲ್ಲಿ ಸಿಗುವುದು ಸಂಶಯದ ನೋಟ. ಮೂರನೆಯ ಸಲಕ್ಕೆ ಆಕೆ ಹೇಳುವುದನ್ನೇ ಬಿಟ್ಟು, ಗುಟ್ಟಾಗಿ ಗುಳಿಗೆ ನುಂಗಿ ಕೆಲಸಕ್ಕೆ ಏಳುತ್ತಾಳೆ. ಹೀಗೆ ಬಹುಕಾಲ ನುಂಗಿದ ಗುಳಿಗೆಗಳು ಹೊಟ್ಟೆಗೂ ಮೂತ್ರಪಿಂಡಗಳಿಗೂ ಕೇಡು ಮಾಡಬಲ್ಲವು. ವರದಿಯಲ್ಲಿ ಕಾಣದ ನೋವು ಸುಳ್ಳು ನೋವಲ್ಲ. ತಕ್ಕ ವ್ಯಾಯಾಮ, ನಿದ್ರೆ, ಔಷಧ, ಆಪ್ತಸಲಹೆಗಳನ್ನು ಒಟ್ಟುಗೂಡಿಸಿ ಅದನ್ನು ತಗ್ಗಿಸಲು ನೋವಿನ ಚಿಕಿತ್ಸೆಗೆಂದೇ ಈಗ ಹಲವು ಆಸ್ಪತ್ರೆಗಳಲ್ಲಿ ವಿಭಾಗಗಳಿವೆ. ಕ್ಯಾನ್ಸರಿನಂಥ ರೋಗಗಳ ತೀವ್ರ ನೋವಿಗೆ ಮಾರ್ಫೀನನ್ನು ಕ್ರಮವಾಗಿ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೧೯೮೬ರಲ್ಲಿಯೇ ಸೂಚಿಸಿತು. ೧೯೮೫ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ಭಾರತದಲ್ಲಿ ಅದು ರೋಗಿಗಳಿಗೆ ದುರ್ಲಭವಾಗಿತ್ತು. ೨೦೧೪ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ವೈದ್ಯರ ಮೇಲ್ವಿಚಾರಣೆಯಲ್ಲಿ ಅದನ್ನು ಪಡೆಯುವುದು ರೋಗಿಯ ಹಕ್ಕೇ ಹೊರತು ದೌರ್ಬಲ್ಯವಲ್ಲ.

ನೋವನ್ನು ಕುರಿತು ಅಧ್ಯಯನ ನಡೆಸುವ ಅಂತರರಾಷ್ಟ್ರೀಯ ಸಂಘವು ೨೦೨೦ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ಒಬ್ಬರು ತಮಗೆ ನೋವಿದೆಯೆಂದು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂಬ ಟಿಪ್ಪಣಿಯನ್ನು ಸೇರಿಸಿತು. ಅದೇ ಮೆಲ್ಜಾಕ್ ೧೯೭೫ರಲ್ಲಿ ರೋಗಿಗಳು ನೋವನ್ನು ಬಣ್ಣಿಸಲು ಬಳಸುವ ಪದಗಳನ್ನು ವಿಂಗಡಿಸಿ ವೈದ್ಯರಿಗೆ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿಕೊಟ್ಟಿದ್ದರು. ಕನ್ನಡಕ್ಕೆ ಈ ಸಂಪತ್ತಿನಲ್ಲಿ ಕೊರತೆಯಿಲ್ಲ. ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಎದೆ ಹಿಂಡುತ್ತದೆ, ಕಣ್ಣು ಚುಚ್ಚುತ್ತದೆ, ಹಲ್ಲು ಜುಮ್ಮೆನ್ನುತ್ತದೆ, ಸೊಂಟ ಹಿಡಿಯುತ್ತದೆ, ಕಾಲು ಸೆಳೆಯುತ್ತದೆ, ಗಾಯ ಚುರುಗುಟ್ಟುತ್ತದೆ. ಒಂದೊಂದು ಕ್ರಿಯಾಪದವೂ ವೈದ್ಯನಿಗೆ ಒಂದೊಂದು ದಾರಿ ತೋರಿಸುತ್ತದೆ. ಉರಿಯುವ, ಜುಮ್ಮೆನ್ನುವ ನೋವು ನರದ ತೊಂದರೆಯನ್ನು ಸೂಚಿಸಬಹುದು. ಬಂದು ಬಂದು ನುಲಿಯುವ ನೋವು ಕರುಳಿನದಾಗಿರಬಹುದು.

ಆದುದರಿಂದ ಮನೆಯಲ್ಲಿ ಯಾರಾದರೂ ನೋವೆಂದರೆ "ಅಷ್ಟಕ್ಕೆಲ್ಲ ಯಾಕೆ ಗೋಳಾಡುತ್ತೀ?" ಎನ್ನುವುದಕ್ಕಿಂತ ನಾಲ್ಕು ಪ್ರಶ್ನೆ ಕೇಳುವುದು ಮೇಲು: ಎಲ್ಲಿ? ಎಂದಿನಿಂದ? ಯಾವ ಬಗೆಯದು? ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ತಗ್ಗುತ್ತದೆ? ಉತ್ತರವನ್ನು ಒಂದು ಚೀಟಿಯಲ್ಲಿ ಅವರದೇ ಮಾತಿನಲ್ಲಿ ಬರೆದು ವೈದ್ಯರ ಬಳಿಗೆ ಒಯ್ದರೆ, ಅರ್ಧ ಪರೀಕ್ಷೆ ಮುಗಿದಂತೆಯೇ ಸರಿ.